ತಡವಾಗಿ ಬರುವ ಸದ್ದು

ಡ್ರಮ್ಸ್ ಬಾರಿಸುವವನ ಎರಡು ಕೈ, ಎರಡು ಕಾಲು ನಾಲ್ಕು ಬೇರೆ ಬೇರೆ ಕೆಲಸ ಮಾಡುತ್ತಿರುತ್ತವೆ. ಆದರೆ ವರ್ಷಗಟ್ಟಲೆ ಬಾರಿಸಿ ಪಳಗಿದವನಿಗೆ ಅವು ನಾಲ್ಕಲ್ಲ, ಒಂದೇ. ಬಲಗೈಯನ್ನು ಕಟ್ಟಿಹಾಕಿದರೆ ಎಡಗಾಲು ತಾಳ ತಪ್ಪುತ್ತದೆ. 1979ರ ಏಪ್ರಿಲ್ ತಿಂಗಳಲ್ಲಿ, ಇಂಗ್ಲೆಂಡಿನ ಮ್ಯಾಂಚೆಸ್ಟರ್ ಪಕ್ಕದ ಸ್ಟಾಕ್‌ಪೋರ್ಟ್ ಎಂಬ ಊರಿನ ಸ್ಟ್ರಾಬೆರಿ ಸ್ಟುಡಿಯೋದಲ್ಲಿ, ಇಪ್ಪತ್ತೊಂದರ ಹರೆಯದ ಸ್ಟೀಫನ್ ಮಾರಿಸ್‌ಗೆ ಬಂದ ಅಪ್ಪಣೆ ಅಂಥದ್ದೇ. ಈಗ ಬಾಸ್ ಡ್ರಮ್ ಒಂದನ್ನೇ ಬಾರಿಸು, ಬೇರೇನನ್ನೂ ಮುಟ್ಟಬೇಡ. ಆಯಿತೇ? ಈಗ ಅದೇ ಹಾಡಿಗೆ ಸ್ನೇರ್ ಡ್ರಮ್ ಒಂದನ್ನೇ. ಆಮೇಲೆ ಹೈ-ಹ್ಯಾಟ್. ಎಲ್ಲ ಹಾಡಿಗೂ ಹೀಗಲ್ಲ, ಗೆಲ್ಲಬಹುದು ಅನ್ನಿಸಿದ ಕೆಲವಕ್ಕೆ ಮಾತ್ರ. ಸುಮ್ಮನಿರಬೇಕಾದ ಕೈ ಸುಮ್ಮನಿರಲಾರದೆ ಹುಡುಗ ತನ್ನ ತೊಡೆಯ ಮೇಲೆ ತಟ್ಟಿಕೊಂಡು ಲೆಕ್ಕ ಇಟ್ಟ. ದಿನದ ಕೊನೆಗೆ ಅವನ ತೊಡೆ ನೀಲಿಗಟ್ಟಿರುತ್ತಿತ್ತು ಎನ್ನುವುದು ತಂಡದವರು ಮುಂದೆ ಹೇಳಿಕೊಂಡು ನಕ್ಕ ಕಥೆ.

ಅಪ್ಪಣೆ ಕೊಟ್ಟವನು ಮಾರ್ಟಿನ್ ಹ್ಯಾನೆಟ್. ಪ್ರೊಡ್ಯೂಸರ್. ನಮ್ಮ ಸಿನಿಮಾ ಭಾಷೆಯಲ್ಲಿ ಪ್ರೊಡ್ಯೂಸರ್ ಎಂದರೆ ದುಡ್ಡು ಹಾಕುವ ಧಣಿ. ರಾಕ್ ಸಂಗೀತದಲ್ಲಿ ಹಾಗಲ್ಲ, ಅಲ್ಲಿ ಅವನ ಕೆಲಸ ಹೆಚ್ಚುಕಡಿಮೆ ನಿರ್ದೇಶಕನದು. ಹಾಡು ತಂಡದವರದೇ, ನುಡಿಸುವವರೂ ಅವರೇ. ಅದು ಟೇಪಿನ ಮೇಲೆ ಹೇಗೆ ಕೇಳಬೇಕು ಎನ್ನುವುದು ಮಾತ್ರ ಪ್ರೊಡ್ಯೂಸರನಿಗೆ ಬಿಟ್ಟದ್ದು. 1948ರಲ್ಲಿ ಹುಟ್ಟಿದ ಹ್ಯಾನೆಟ್ ಓದಿದ್ದು ರಸಾಯನಶಾಸ್ತ್ರ, ಮ್ಯಾಂಚೆಸ್ಟರಿನ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ. ಬಝ್‌ಕಾಕ್ಸ್ ತಂಡದ ‘ಸ್ಪೈರಲ್ ಸ್ಕ್ರ್ಯಾಚ್’ ಎಂಬ ಪುಟ್ಟ ರೆಕಾರ್ಡನ್ನು 1976ರ ಕೊನೆಯಲ್ಲಿ ಮಾಡಿಕೊಟ್ಟು ಹೆಸರಾಗಿದ್ದ. ಅವನ ಕೈಗೆ ಈಗ ಸಿಕ್ಕಿದ್ದವರು ಜಾಯ್ ಡಿವಿಷನ್ ಎಂಬ ನಾಲ್ವರು ಹುಡುಗರು. ಹಾಡಲು ಇಯಾನ್ ಕರ್ಟಿಸ್, ಗಿಟಾರಿಗೆ ಬರ್ನಾರ್ಡ್ ಸಮ್ನರ್, ಬಾಸ್ ಗಿಟಾರಿಗೆ ಪೀಟರ್ ಹುಕ್, ಡ್ರಮ್ಸ್‌ಗೆ ನಮ್ಮ ಮಾರಿಸ್. ಇದು ಅವರ ಮೊದಲ ಆಲ್ಬಮ್, ‘ಅನ್‌ನೋನ್ ಪ್ಲೆಷರ್ಸ್’. ಹತ್ತು ಹಾಡು, ಮೂರು ವಾರಾಂತ್ಯ. ಹತ್ತು ಸಾವಿರ ಪ್ರತಿ ಅಚ್ಚು ಹಾಕಿಸಲು ಫ್ಯಾಕ್ಟರಿ ರೆಕಾರ್ಡ್ಸ್ ಎಂಬ ಕಂಪನಿಯ ಟೋನಿ ವಿಲ್ಸನ್ ತಾನು ಕೂಡಿಟ್ಟ 8,500 ಪೌಂಡ್ ಸುರಿದ.

ಹುಡುಗರಿಗೆ ಬೇಕಾಗಿದ್ದದ್ದು ಸರಳ. ವೇದಿಕೆಯ ಮೇಲೆ ತಾವು ಎಬ್ಬಿಸುವ ಗದ್ದಲ ಇದ್ದಹಾಗೇ ರೆಕಾರ್ಡಿನಲ್ಲಿ ಬರಬೇಕು. ಗಿಟಾರ್ ಕಿವಿಗೆ ಅಪ್ಪಳಿಸಬೇಕು. ಹ್ಯಾನೆಟ್‌ಗೆ ಆ ಗದ್ದಲದಲ್ಲಿ ಆಸಕ್ತಿಯಿರಲಿಲ್ಲ. ಅವನ ಕಿವಿಗೆ ಅವರ ಹಾಡಿನಲ್ಲಿ ಬೇರೆ ಏನೋ ಕೇಳಿಸಿತ್ತು: ಖಾಲಿ ಜಾಗ. ಆ ಜಾಗವನ್ನು ಟೇಪಿನ ಮೇಲೆ ಕಟ್ಟಬೇಕಿತ್ತು. ಹೊಸ ಗೋಡೆ ಎಬ್ಬಿಸುವ ಮೊದಲು ಹಳೆಯದನ್ನು ಕೆಡವಬೇಕಲ್ಲ, ಡ್ರಮ್ಮುಗಳನ್ನು ಒಂದೊಂದಾಗಿ ಬಿಡಿಸಿದ್ದು ಅದಕ್ಕೆ.

ಡ್ರಮ್ ಸೆಟ್ಟಿನ ಮುಂದೆ ನಾಲ್ಕೈದು ಮೈಕ್ ಇಟ್ಟಿದ್ದಾರೆ ಅಂದುಕೊಳ್ಳಿ. ಸ್ನೇರ್‌ಗೊಂದು, ಮೇಲಿನ ಸಿಂಬಲ್‌ಗೊಂದು, ಹೀಗೆ. ಸ್ನೇರ್ ಮೇಲೆ ಬಿದ್ದ ಪೆಟ್ಟು ತನ್ನ ಮೈಕಿಗೆ ತಕ್ಷಣ ಕೇಳುತ್ತದೆ. ಸಿಂಬಲ್ಲಿನ ಮೈಕೂ ಅದನ್ನು ಕದ್ದು ಕೇಳುತ್ತದೆ, ಚೂರು ತಡವಾಗಿ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ, ಅಂದರೆ ಒಂದು ಮಿಲಿಸೆಕೆಂಡಿಗೆ 34 ಸೆಂಟಿಮೀಟರ್, ಒಂದು ಅಡಿಗಿಂತ ತುಸು ಹೆಚ್ಚು. ಎರಡನೇ ಮೈಕು 68 ಸೆಂಟಿಮೀಟರ್ ಆಚೆಗಿದ್ದರೆ ಎರಡು ಮಿಲಿಸೆಕೆಂಡ್ ತಡ. ಎರಡು ಮೈಕುಗಳ ಸದ್ದನ್ನೂ ಒಂದೇ ಟೇಪಿನಲ್ಲಿ ಕೂಡಿಸಿದಾಗ ಏನಾಗುತ್ತದೆ? ಸೆಕೆಂಡಿಗೆ 250 ಸಲ ಕಂಪಿಸುವ ಅಲೆ ಎರಡು ಮಿಲಿಸೆಕೆಂಡಿನಲ್ಲಿ ಸರಿಯಾಗಿ ಅರ್ಧ ಸುತ್ತು ಮುಗಿಸಿರುತ್ತದೆ. ಒಂದು ಮೈಕಿನಲ್ಲಿ ಅಲೆಯ ಉಬ್ಬು ಇರುವಾಗ ಇನ್ನೊಂದರಲ್ಲಿ ತಗ್ಗು. ಕೂಡಿಸಿದರೆ ಒಂದನ್ನೊಂದು ತಿಂದುಹಾಕುತ್ತವೆ. 250 ಹರ್ಟ್ಝ್ ಮಾತ್ರವಲ್ಲ, 750, 1250, ಹೀಗೆ ಬಾಚಣಿಗೆಯ ಹಲ್ಲು ಕಿತ್ತಂತೆ ಸಾಲಾಗಿ ಸ್ವರಗಳು ಸೊರಗುತ್ತವೆ. ಸ್ನೇರ್ ಡ್ರಮ್ಮಿಗೆ ಮೈತುಂಬುವುದು ಆ 250ರ ಆಸುಪಾಸಿನಲ್ಲೇ. ಅದನ್ನು ಕಿತ್ತುಕೊಂಡರೆ ಉಳಿಯುವುದು ಡಬ್ಬ ಬಡಿದ ಸದ್ದು. ರಾಕ್ ಎಂಜಿನಿಯರುಗಳು ಮೈಕನ್ನು ಅತ್ತ ಒಂದಂಗುಲ, ಇತ್ತ ಎರಡಂಗುಲ ಸರಿಸುತ್ತ ಅರ್ಧ ದಿನ ಕಳೆಯುವುದು ಇದಕ್ಕೇ. ಹ್ಯಾನೆಟ್ ಆ ತಲೆನೋವನ್ನೇ ಬುಡಸಮೇತ ಕಿತ್ತ. ಒಂದು ಸಲಕ್ಕೆ ಒಂದೇ ಡ್ರಮ್, ಕದ್ದು ಕೇಳಲು ಇನ್ನೊಂದು ಸದ್ದೇ ಇಲ್ಲ.

ಹೀಗೆ ಹಿಡಿದ ಪೆಟ್ಟು ಬಲು ಚೊಕ್ಕಟ, ಆದರೆ ಒಣ. ಕಿವಿಯ ಪಕ್ಕದಲ್ಲೇ ಯಾರೋ ಪೆಟ್ಟಿಗೆ ಕುಟ್ಟಿದಂತೆ. ಎಲ್ಲಿ ಬಾರಿಸಿದ್ದು, ಎಷ್ಟು ದೊಡ್ಡ ಕೋಣೆ, ಗೋಡೆ ಎಷ್ಟು ದೂರ, ಒಂದೂ ಗೊತ್ತಾಗುವುದಿಲ್ಲ. ನಿಜ ಜೀವನದಲ್ಲಿ ನಮಗೆ ಅಂಥ ಸದ್ದು ಕೇಳಸಿಗುವುದೇ ಅಪರೂಪ. ಗದ್ದೆಯ ನಡುವೆ ನಿಂತರೂ ನೆಲದಿಂದ ಒಂದು ಪಾಲು ಪುಟಿದು ಬರುತ್ತದೆ.

ನಮ್ಮ ಕಿವಿಗೆ ಕಾಲದ ಲೆಕ್ಕ ಎಷ್ಟು ಕರಾರುವಾಕ್ಕು ಎಂದರೆ ನಂಬುವುದು ಕಷ್ಟ. ಎಡಗಡೆಯಿಂದ ಬಂದ ಸದ್ದು ಎಡಗಿವಿಯನ್ನು ಮುಟ್ಟಿ, ತಲೆಯನ್ನು ಬಳಸಿ ಬಲಗಿವಿಗೆ ಹೋಗಲು ಹೆಚ್ಚೆಂದರೆ ಒಂದು ಮಿಲಿಸೆಕೆಂಡಿನ ಮೂರರಲ್ಲಿ ಎರಡು ಪಾಲು ಬೇಕು. ಅಷ್ಟು ಸಣ್ಣ ಅಂತರದಿಂದಲೇ ಮಿದುಳು ದಿಕ್ಕು ಹೇಳಬಲ್ಲದು. ಎರಡು ಕಿವಿಗಳ ನಡುವೆ ಸೆಕೆಂಡಿನ ಲಕ್ಷದ ಒಂದು ಭಾಗದಷ್ಟು ಅಂತರವಿದ್ದರೂ ಅದಕ್ಕೆ ತಿಳಿಯುತ್ತದೆ. ಆದರೆ ಇದೇ ಮಿದುಳು ಇನ್ನೊಂದು ಕಡೆ ಬೇಕೆಂದೇ ಕಿವುಡಾಗುತ್ತದೆ. ಜರ್ಮನಿಯ ಗಾಟಿಂಗೆನ್‌ನಲ್ಲಿ ಹೆಲ್ಮುಟ್ ಹಾಸ್ ಎಂಬಾತ 1949ರಲ್ಲಿ ತನ್ನ ಪ್ರಬಂಧದಲ್ಲಿ ತೋರಿಸಿದ್ದು ಇದನ್ನು. ಒಂದು ಮಾತು, ಅದರ ಹಿಂದೆಯೇ ಮೂವತ್ತು ನಲವತ್ತು ಮಿಲಿಸೆಕೆಂಡಿನೊಳಗೆ ಅದೇ ಮಾತಿನ ನಕಲು ಬಂದರೆ ನಮಗೆ ಎರಡು ಕೇಳುವುದಿಲ್ಲ, ಒಂದೇ ಕೇಳುತ್ತದೆ. ಮೊದಲು ಬಂದದ್ದು ಯಾವ ದಿಕ್ಕಿನಿಂದಲೋ ಸದ್ದೆಲ್ಲ ಅಲ್ಲಿಂದಲೇ ಬಂತು ಎಂದು ಮಿದುಳು ತೀರ್ಪು ಕೊಟ್ಟುಬಿಡುತ್ತದೆ. ಹಾಗೆಂದು ತಡವಾಗಿ ಬಂದದ್ದನ್ನು ಕಸಕ್ಕೆ ಎಸೆಯುವುದೂ ಇಲ್ಲ. ಅದನ್ನು ಇಟ್ಟುಕೊಂಡು ಕೋಣೆಯ ಅಳತೆ ಹಾಕುತ್ತದೆ. ಮೊದಲ ಮರುದನಿ ಇಪ್ಪತ್ತು ಮಿಲಿಸೆಕೆಂಡ್ ತಡವಾದರೆ ಅದು ಏಳು ಮೀಟರ್ ಹೆಚ್ಚು ದಾರಿ ಸವೆಸಿ ಬಂದಿದೆ ಎಂದರ್ಥ, ಹಾಗಾದರೆ ಗೋಡೆಗಳು ದೂರದಲ್ಲಿವೆ. ಕಣ್ಣು ಕಟ್ಟಿ ಕರೆದೊಯ್ದರೂ ಅಡುಗೆಮನೆ ಯಾವುದು, ಕಲ್ಯಾಣ ಮಂಟಪ ಯಾವುದು ಎಂದು ನೀವು ಹೇಳಬಲ್ಲಿರಿ.

ನಲವತ್ತರ ಗಡಿ ದಾಟಿ ತಡ ಇನ್ನೂ ಹೆಚ್ಚುತ್ತ ಹೋದರೆ ಒಂದು ಎರಡಾಗಿ ಒಡೆಯುತ್ತದೆ, ಪ್ರತಿಧ್ವನಿ ಕೇಳತೊಡಗುತ್ತದೆ. ವಿಜಯಪುರದ ಗೋಲಗುಮ್ಮಟದ ಗುಮ್ಮಟಕ್ಕೆ ಒಳಗಿನ ಅಡ್ಡಳತೆ ಸುಮಾರು 38 ಮೀಟರ್. ಮೇಲಿನ ಮೊಗಸಾಲೆಯಲ್ಲಿ ಚಪ್ಪಾಳೆ ತಟ್ಟಿದರೆ ಸದ್ದು ಎದುರು ಗೋಡೆಗೆ ಹೋಗಿ ಬರಲು ಸೆಕೆಂಡಿನ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ಹಿಡಿಯುತ್ತದೆ. ಮಿದುಳಿಗೆ ಅಷ್ಟು ದೊಡ್ಡ ಅಂತರವನ್ನು ಬೆಸೆಯಲಾಗುವುದಿಲ್ಲ. ಶಾಲಾ ಪ್ರವಾಸದ ಮಕ್ಕಳು ಅಲ್ಲಿ ಕಿರುಚುವುದನ್ನು ನಿಲ್ಲಿಸದೇ ಇರುವುದಕ್ಕೆ ಕಾರಣ ಅದೇ. ಅವರನ್ನು ಗದರಿಸುವ ಮೇಷ್ಟರ ದನಿಯೂ ಮತ್ತೆ ಮತ್ತೆ ಕೇಳಿ ನಗು ತರಿಸುತ್ತದೆ.

ಇನ್ನು ಅನುರಣನ. ಸದ್ದು ಗೋಡೆ, ಛಾವಣಿ, ನೆಲಕ್ಕೆ ಸಾವಿರ ಸಲ ಬಡಿದು ಸಾವಿರ ಮರುದನಿಗಳು ಒಂದರ ಮೇಲೊಂದು ಕವಿದು, ಬಿಡಿಬಿಡಿಯಾಗಿ ಕೇಳದೆ, ಬಾಲದಂತೆ ಎಳೆದುಕೊಂಡು ಹೋಗಿ ಸಾಯುವುದು. ಇದನ್ನು ಮೊದಲು ಸರಿಯಾಗಿ ಅಳೆದವನು ಅಮೆರಿಕದ ಹಾರ್ವರ್ಡ್‌ನ ಯುವ ಮೇಷ್ಟರು ವಾಲೆಸ್ ಸಬೈನ್. 1895ರಲ್ಲಿ ಅಲ್ಲೊಂದು ಹೊಸ ಉಪನ್ಯಾಸ ಕೋಣೆ ಕಟ್ಟಿದರು. ಮೇಷ್ಟರು ಆಡಿದ ಒಂದು ಪದ ಐದೂವರೆ ಸೆಕೆಂಡು ಕೋಣೆಯಲ್ಲಿ ಸುಳಿದಾಡುತ್ತಿತ್ತು, ಅಷ್ಟರಲ್ಲಿ ಅವರು ಹತ್ತು ಪದ ಮುಂದೆ ಹೋಗಿರುತ್ತಿದ್ದರು. ಸರಿಪಡಿಸುವ ಕೆಲಸ ಸಬೈನ್ ಪಾಲಿಗೆ ಬಂತು. ಅವನ ಉಪಕರಣ ಒಂದು ಆರ್ಗನ್ ಕೊಳವೆ, ಒಂದು ಗಡಿಯಾರ, ಮತ್ತು ಪಕ್ಕದ ನಾಟಕಶಾಲೆಯಿಂದ ರಾತ್ರಿ ಹೊತ್ತು ತಂದ ಕುರ್ಚಿ ದಿಂಬುಗಳು. ಒಂದಿಷ್ಟು ದಿಂಬು ಇಡು, ಕೊಳವೆ ಊದು, ಸದ್ದು ಸಾಯಲು ಎಷ್ಟು ಹೊತ್ತು ನೋಡು. ಇನ್ನೊಂದಿಷ್ಟು ಇಡು, ಮತ್ತೆ ಊದು. ಬೆಳಗಾಗುವುದರೊಳಗೆ ದಿಂಬೆಲ್ಲ ವಾಪಸ್. ಇದರಿಂದ ಹೊರಟ ಸೂತ್ರ ಎಷ್ಟು ಸರಳವೆಂದರೆ ಅಂಗೈ ಮೇಲೆ ಬರೆದುಕೊಳ್ಳಬಹುದು. ಕೋಣೆಯ ಘನಗಾತ್ರವನ್ನು ಅಲ್ಲಿ ಸದ್ದನ್ನು ಹೀರುವ ಮೇಲ್ಮೈಗಳ ಮೊತ್ತದಿಂದ ಭಾಗಿಸಿ, 0.161ರಿಂದ ಗುಣಿಸಿದರೆ ಅನುರಣನದ ಅವಧಿ ಸೆಕೆಂಡುಗಳಲ್ಲಿ ಸಿಗುತ್ತದೆ. ಅಳತೆಯೆಲ್ಲ ಮೀಟರಿನಲ್ಲಿರಬೇಕು, ಅಷ್ಟೆ.

ನಮ್ಮ ಮನೆಯ ಬಚ್ಚಲಿಗೆ ಇದನ್ನು ಹಾಕಿ ನೋಡಿದೆ. ಎರಡು ಮೀಟರ್ ಉದ್ದ, ಒಂದೂವರೆ ಅಗಲ, ಎರಡೂವರೆ ಎತ್ತರ, ಸುತ್ತಲೂ ಟೈಲ್ಸ್. ಟೈಲ್ಸ್ ತನ್ನ ಮೇಲೆ ಬಿದ್ದ ಸದ್ದಿನಲ್ಲಿ ನೂರಕ್ಕೆ ಎರಡು ಪಾಲು ಹೀರಿದರೆ ಹೆಚ್ಚು. ಬಾಗಿಲು, ಬಕೆಟ್ಟು ಮರೆತು ಲೆಕ್ಕ ಹಾಕಿದರೆ ಖಾಲಿ ಬಚ್ಚಲಿನ ಅನುರಣನ ಎರಡೂವರೆ ಸೆಕೆಂಡು! ಅಷ್ಟು ಚಿಕ್ಕ ಗೂಡಿಗೆ ಒಂದು ದೊಡ್ಡ ಸಭಾಂಗಣದ ಬಾಲ. ಆದರೆ ಬಟ್ಟೆ ತೊಟ್ಟ ಒಬ್ಬ ಮನುಷ್ಯ ಒಳಗೆ ನಿಂತರೆ ಅಷ್ಟೂ ಟೈಲ್ಸ್ ಸೇರಿ ಹೀರುವಷ್ಟನ್ನು ಅವನೊಬ್ಬನೇ ಹೀರಿಬಿಡುತ್ತಾನೆ, ಅವಧಿ ಅರ್ಧಕ್ಕೆ ಇಳಿಯುತ್ತದೆ. ಸ್ನಾನಕ್ಕೆ ನಿಂತವನು ಬಟ್ಟೆ ತೊಟ್ಟಿರುವುದಿಲ್ಲವಾದ್ದರಿಂದ ಅವನ ಹಾಡಿಗೆ ತುಸು ರಿಯಾಯಿತಿ ಉಂಟು.

ಸ್ಟ್ರಾಬೆರಿ ಸ್ಟುಡಿಯೋದ ನೆಲಮಾಳಿಗೆಯಲ್ಲೂ ಒಂದು ಶೌಚಾಲಯವಿತ್ತು. ಹ್ಯಾನೆಟ್ ಅದರ ಸದ್ದನ್ನೂ ಆಲ್ಬಮ್ಮಿಗೆ ಎಳೆದುಕೊಂಡ. ಕಟ್ಟಡದ ಹಳೆಯ ಲಿಫ್ಟಿನೊಳಗೆ ಲೆಸ್ಲಿ ಸ್ಪೀಕರ್ ಒಂದನ್ನು ಗರಗರ ತಿರುಗಲು ಬಿಟ್ಟು ಅದನ್ನೂ ಮುದ್ರಿಸಿದ. ಲೆಸ್ಲಿ ಎಂದರೆ ಒಳಗೆ ತುತ್ತೂರಿ ಗಿರಕಿ ಹೊಡೆಯುವ ಸ್ಪೀಕರ್. ಅದರ ಬಾಯಿ ನಮ್ಮತ್ತ ಬರುವಾಗ ಸ್ವರ ಕೂದಲೆಳೆಯಷ್ಟು ಏರುತ್ತದೆ, ದೂರ ಸರಿಯುವಾಗ ಇಳಿಯುತ್ತದೆ. ರೈಲಿನ ಸೀಟಿಯ ಡಾಪ್ಲರ್ ಕಥೆಯೇ, ಒಂದು ಮರದ ಪೆಟ್ಟಿಗೆಯೊಳಗೆ. ಬಾಟಲಿ ಒಡೆದ ಸದ್ದು, ಯಾರೋ ಚಿಪ್ಸ್ ಕುರುಕುವ ಸದ್ದು, ತಿರುಗುಮುರುಗಾಗಿ ಓಡಿಸಿದ ಗಿಟಾರು, ಎಲ್ಲವೂ ಆ ಆಲ್ಬಮ್ಮಿನಲ್ಲಿವೆ. ‘ಶೀಸ್ ಲಾಸ್ಟ್ ಕಂಟ್ರೋಲ್’ ಹಾಡಿನ ತಾಳದಲ್ಲಿ ಕೇಳುವ ‘ಚಿಸ್, ಚಿಸ್’ ಯಾವ ವಾದ್ಯವೂ ಅಲ್ಲ, ಡಬ್ಬಿಯಿಂದ ಚಿಮ್ಮಿದ ಸ್ಪ್ರೇ. ತಾಳ ತಪ್ಪದಂತೆ ಅದನ್ನು ಒತ್ತುತ್ತ ಕೂರುವ ಕೆಲಸ ಮತ್ತೆ ಮಾರಿಸನದೇ.

ಆದರೆ ಹ್ಯಾನೆಟ್‌ನ ನಿಜವಾದ ಅಸ್ತ್ರ ಶೌಚಾಲಯವಲ್ಲ, ಒಂದು ಯಂತ್ರ.

ಸದ್ದನ್ನು ತಡಮಾಡುವ ಕಲೆ ಅವನಿಗಿಂತ ಹಿಂದೆಯೇ ಇತ್ತು. ಟೇಪ್ ರೆಕಾರ್ಡರಿನಲ್ಲಿ ಬರೆಯುವ ತಲೆ ಒಂದು, ಓದುವ ತಲೆ ಇನ್ನೊಂದು. ಎರಡರ ನಡುವೆ ಎರಡಂಗುಲ ಅಂತರವಿದ್ದು ಟೇಪು ಸೆಕೆಂಡಿಗೆ ಹದಿನೈದು ಅಂಗುಲ ಓಡಿದರೆ, ಬರೆದದ್ದು ಓದಿಗೆ ಸಿಗುವುದು 133 ಮಿಲಿಸೆಕೆಂಡ್ ತಡವಾಗಿ. 1950ರ ದಶಕದ ಅಮೆರಿಕನ್ ಹಾಡುಗಳ ಕಂಪಿಸುವ ಗಂಟಲು ಹುಟ್ಟಿದ್ದು ಈ ಎರಡಂಗುಲದಲ್ಲಿ. ತೊಂದರೆ ಏನೆಂದರೆ ಟೇಪು ಸವೆಯುತ್ತದೆ, ತೂಗಾಡುತ್ತದೆ, ಪ್ರತಿ ನಕಲಿಗೂ ಬುಸ್ಸೆಂಬ ಸದ್ದು ಸೇರಿಕೊಳ್ಳುತ್ತದೆ. ಐದು ಮಿಲಿಸೆಕೆಂಡಿನ ತಡ ಬೇಕು ಎಂದರೆ ಎರಡು ತಲೆಗಳನ್ನು ಎರಡು ಮಿಲಿಮೀಟರ್ ಅಂತರದಲ್ಲಿ ಕೂರಿಸಬೇಕು. ಅದು ಆಗದ ಮಾತು.

ಮ್ಯಾಂಚೆಸ್ಟರಿನ ಉತ್ತರಕ್ಕೆ ಬರ್ನ್ಲಿ ಎಂಬ ಹಳೆಯ ಬಟ್ಟೆ ಗಿರಣಿಗಳ ಊರಿದೆ. ವಿಮಾನ ಉದ್ಯಮದಿಂದ ಬಂದ ಇಬ್ಬರು ಎಂಜಿನಿಯರುಗಳು, ಮಾರ್ಕ್ ಕ್ರಾಬ್‌ಟ್ರೀ ಮತ್ತು ಸ್ಟುವರ್ಟ್ ನೆವಿಸನ್, ಅಲ್ಲಿ ಎಎಂಎಸ್ ಎಂಬ ಪುಟ್ಟ ಕಂಪನಿ ಕಟ್ಟಿ ಡಿಜಿಟಲ್ ಡಿಲೇ, ಅಂದರೆ ಸದ್ದನ್ನು ತಡಮಾಡುವ ಯಂತ್ರ ಮಾಡುತ್ತಿದ್ದರು. ಹ್ಯಾನೆಟ್‌ನ ಅಸ್ತ್ರ ಅದೇ. ತತ್ವ ಸುಲಭ. ಮೈಕಿನಿಂದ ಬರುವ ಏರಿಳಿತವನ್ನು ಸೆಕೆಂಡಿಗೆ ಸಾವಿರಾರು ಸಲ ಅಳೆದು, ಪ್ರತಿ ಅಳತೆಯನ್ನೂ ಒಂದು ಅಂಕಿಯಾಗಿ ಬರೆದುಕೊಳ್ಳುವುದು. ಅಂಕಿಗಳನ್ನು ಸ್ಮೃತಿಯ ಸಾಲಿನಲ್ಲಿ ನಿಲ್ಲಿಸಿ, ಬೇಕಾದಷ್ಟು ಹೊತ್ತು ಕಾಯಿಸಿ, ಆಮೇಲೆ ತೆಗೆದು ಮತ್ತೆ ಸದ್ದಾಗಿಸುವುದು. ಕಾಯಿಸಿದ ಮಾತ್ರಕ್ಕೆ ಅಂಕಿ ಸವೆಯುವುದಿಲ್ಲ. ಅವರ ಯಂತ್ರ ಪ್ರತಿ ಅಳತೆಗೂ 15 ಬಿಟ್ ಬಳಸುತ್ತಿತ್ತು, ಅಂದರೆ ಸದ್ದಿನ ಎತ್ತರವನ್ನು 32,768 ಮೆಟ್ಟಿಲುಗಳಲ್ಲಿ ಯಾವುದು ಎಂದು ಗುರುತಿಸಬಲ್ಲದಾಗಿತ್ತು.

ತತ್ವ ಸುಲಭವಾದರೂ ಸ್ಮೃತಿ ದುಬಾರಿ. ಸೆಕೆಂಡಿಗೆ 40 ಸಾವಿರ ಅಳತೆ ಎಂದಿಟ್ಟುಕೊಳ್ಳಿ. ಮನುಷ್ಯರ ಕಿವಿಗೆ ಕೇಳುವ ಅತಿ ಎತ್ತರದ ಸ್ವರ 20 ಸಾವಿರ ಹರ್ಟ್ಝ್ ಆಸುಪಾಸಿನದು, ಅದನ್ನು ಕಳೆದುಕೊಳ್ಳದಿರಲು ಅದರ ಎರಡರಷ್ಟಾದರೂ ಅಳೆಯಬೇಕು. 40 ಸಾವಿರವನ್ನು 15ರಿಂದ ಗುಣಿಸಿದರೆ ಒಂದು ಸೆಕೆಂಡಿನ ಸದ್ದಿಗೆ ಆರು ಲಕ್ಷ ಬಿಟ್. ಆ ಕಾಲದ ಒಳ್ಳೆಯ ಸ್ಮೃತಿ ಚಿಪ್ಪಿನಲ್ಲಿ ಹಿಡಿಸುತ್ತಿದ್ದದ್ದು 16,384 ಬಿಟ್. ಬರೀ ಒಂದು ಸೆಕೆಂಡನ್ನು ಕಾಯಿಸಲು ಮೂವತ್ತೇಳು ಚಿಪ್ಪು! ಈಗ ನಿಮ್ಮ ಕಿಸೆಯಲ್ಲಿರುವ ಫೋನು ದಿನಗಟ್ಟಲೆ ಕಾಯಿಸಬಲ್ಲದು, ಅದು ಬೇರೆ ಮಾತು. ಹ್ಯಾನೆಟ್‌ಗೆ ಸೆಕೆಂಡುಗಳು ಬೇಕಿರಲಿಲ್ಲ. ಅವನ ಕಣ್ಣಿದ್ದದ್ದು ಹಾಸ್ ಹಾಕಿಟ್ಟ ಗಡಿಯ ಈಚೆಗೆ, ಕಿವಿ ಎರಡನ್ನು ಒಂದೆಂದು ನಂಬುವ ಆ ಸಣ್ಣ ಅವಕಾಶದಲ್ಲಿ.

ಒಣ ಸ್ನೇರ್ ಪೆಟ್ಟಿನ ಬೆನ್ನಿಗೇ ಅದರ ನಕಲನ್ನು ಕೆಲವೇ ಮಿಲಿಸೆಕೆಂಡ್ ತಡವಾಗಿ ಅಂಟಿಸಿದರೆ ಎರಡನೇ ಪೆಟ್ಟು ಕೇಳುವುದಿಲ್ಲ, ಮೊದಲನೆಯದೇ ದಪ್ಪಗಾಗುತ್ತದೆ. ಚೂರು ಹೆಚ್ಚಿಸಿದರೆ ಪೆಟ್ಟಿನ ಸುತ್ತ ಗೋಡೆ ಏಳುತ್ತದೆ. ಇನ್ನೂ ಹೆಚ್ಚಿಸಿದರೆ ಗೋಡೆಗಳು ಹಿಂದೆ ಸರಿಯುತ್ತವೆ. ಡ್ರಮ್ಮುಗಳನ್ನು ಬೇರೆ ಬೇರೆಯಾಗಿ ಮುದ್ರಿಸಿಕೊಂಡಿದ್ದರಿಂದ ಒಂದೊಂದಕ್ಕೂ ಒಂದೊಂದು ಕೋಣೆ ಕೊಡಬಹುದಿತ್ತು. ಸ್ನೇರ್‌ಗೆ ಒಂದು ಉಗ್ರಾಣ, ಬಾಸ್ ಡ್ರಮ್ಮಿಗೆ ಒಂದು ಗೂಡು, ಗಿಟಾರು ಎಲ್ಲೋ ಆಚೆ ಬೀದಿಯಲ್ಲಿ. ಭೌತಜಗತ್ತಿನಲ್ಲಿ ಇಂಥ ಮನೆ ಇರಲು ಸಾಧ್ಯವಿಲ್ಲ. ಆದರೆ ಕಿವಿಗೆ ಅಷ್ಟು ವಿದ್ಯೆ ಎಲ್ಲಿ? ಅದು ತಡವನ್ನು ಅಳೆಯುತ್ತದೆ, ದೂರ ಎಂದು ಓದುತ್ತದೆ. ಒಳ್ಳೆಯ ಹೆಡ್‌ಫೋನಿನಲ್ಲಿ ಈ ಆಲ್ಬಮ್ ಕೇಳುವಾಗ ನನಗೆ ಪ್ರತಿ ಸಲವೂ ಆಗುವ ಅನುಭವ ಇದೇ. ನಾಲ್ವರೂ ಒಟ್ಟಿಗೆ ನುಡಿಸುತ್ತಿದ್ದಾರೆ, ಆದರೆ ಯಾರೂ ಯಾರ ಪಕ್ಕದಲ್ಲೂ ಇಲ್ಲ.

ಹಾಡುಗಾರನಿಗೆ ಕೊಟ್ಟ ದೂರ ಇನ್ನೊಂದು ಬಗೆಯದು. ‘ಇನ್‌ಸೈಟ್’ ಹಾಡಿಗೆ ಕರ್ಟಿಸನ ದನಿಯನ್ನು ಹ್ಯಾನೆಟ್ ಟೆಲಿಫೋನ್ ತಂತಿಯ ಮೂಲಕ ಹಾಯಿಸಿ ಮುದ್ರಿಸಿದ. ಟೆಲಿಫೋನು ದಾಟಿಸುವುದು ಸುಮಾರು 300ರಿಂದ 3,400 ಹರ್ಟ್ಝ್ ಒಳಗಿನ ಸದ್ದನ್ನು ಮಾತ್ರ. ಗಂಡು ದನಿಯ ಮೂಲಸ್ವರ ನೂರು ನೂರೈವತ್ತರ ಆಸುಪಾಸಿನದು, ಅದು ಪೂರಾ ಕತ್ತರಿಸಿ ಹೋಗುತ್ತದೆ. ಆದರೂ ಫೋನಿನಲ್ಲಿ ಅಪ್ಪನ ದನಿ ಅಮ್ಮನದಂತೆ ಕೇಳುವುದಿಲ್ಲವಲ್ಲ? ಮೇಲಿನ ಸ್ವರಗಳ ನಡುವಿನ ಅಂತರ ನೋಡಿ ಕಳೆದುಹೋದ ಮೂಲಸ್ವರವನ್ನು ಮಿದುಳು ತಾನೇ ತುಂಬಿಕೊಳ್ಳುತ್ತದೆ. ಹಾಗೆ ತುಂಬಿಕೊಂಡದ್ದರಲ್ಲಿ ಮಂದ್ರದ ಎದೆಯಿರುವುದಿಲ್ಲ. ಮೈಕಿಗೆ ಬಾಯಿ ತಾಗಿಸಿ ಹಾಡುವವರ ದನಿಯಲ್ಲಿ ಮಂದ್ರ ಉಬ್ಬಿ, ಗಾಯಕ ನಮ್ಮ ಪಕ್ಕದಲ್ಲೇ ಕೂತಂತೆ ಆಪ್ತವಾಗುತ್ತದೆ. ಇಲ್ಲಿ ಆದದ್ದು ಅದರ ತಿರುಗುಮುರುಗು. ನಿಸರ್ಗದಲ್ಲಿ ದೂರ ಹೀಗೆ ಕೆಲಸ ಮಾಡುವುದಿಲ್ಲ ಎನ್ನುವುದನ್ನೂ ಹೇಳಿಬಿಡಬೇಕು. ಹತ್ತಿರದ ಸಿಡಿಲು ಚಟೀರ್ ಎನ್ನುತ್ತದೆ, ದೂರದ್ದು ಗುಡುಗುಡು. ಗಾಳಿ ಹೆಚ್ಚು ನುಂಗುವುದು ಎತ್ತರದ ಸ್ವರಗಳನ್ನು, ಮಂದ್ರವನ್ನಲ್ಲ. ಫೋನಿನ ದನಿ ನಮಗೆ ದೂರ ಅನ್ನಿಸುವುದು ಭೌತಶಾಸ್ತ್ರದಿಂದಲ್ಲ, ನೆನಪಿನಿಂದ. ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾದ ತಲೆಮಾರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕರ್ಟಿಸ್ 1980ರ ಮೇ 18ರಂದು, ಇಪ್ಪತ್ಮೂರನೆಯ ವಯಸ್ಸಿನಲ್ಲಿ ತೀರಿಕೊಂಡ. ಆ ಮೇಲೆ ಕೇಳಿದವರಿಗೆಲ್ಲ ಈ ದೂರದ ದನಿಯಲ್ಲಿ ಮುನ್ಸೂಚನೆ ಕೇಳಿಸಿದೆ, ಅದರ ಬಗ್ಗೆ ರಾಶಿ ಬರಹಗಳೂ ಬಂದಿವೆ. ನನಗೆ ಅದರಲ್ಲಿ ನಂಬಿಕೆಯಿಲ್ಲ. ಆ ದೂರ ಹಾಡಿದವನ ಗಂಟಲಿನದಲ್ಲ, ಅವನಿಗೂ ಟೇಪಿಗೂ ನಡುವೆ ಇದ್ದ ತಂತಿಯದು.

ರೆಕಾರ್ಡು ತಯಾರಾಗಿ ಬಂದಾಗ ಸಮ್ನರ್ ಮತ್ತು ಹುಕ್ ಇಬ್ಬರಿಗೂ ಸಿಟ್ಟು. ತಮ್ಮ ಅಬ್ಬರವನ್ನೆಲ್ಲ ಹಿಂಡಿ ತೆಗೆದು ಮಂಕು ಕವಿಸಿಬಿಟ್ಟಿದ್ದಾನೆ ಎಂದು. ಹ್ಯಾನೆಟ್ ಮಾಡಿದ್ದೇ ಸರಿಯಿತ್ತೆಂದು ಹುಕ್ ಒಪ್ಪಿಕೊಳ್ಳಲು ವರ್ಷಗಳೇ ಹಿಡಿದವು. ನಾನಂತೂ ಆ ಹುಡುಗರ ಸಿಟ್ಟಿನ ಪರ. ನಿಮ್ಮ ಮನೆಯನ್ನು ಬಾಡಿಗೆಗೆ ಹಿಡಿದವರು ಗೋಡೆಗಳನ್ನೇ ಸರಿಸಿಟ್ಟರೆ ನೀವೂ ಕೂಗಾಡುತ್ತಿದ್ದಿರಿ, ಮನೆ ಮೊದಲಿಗಿಂತ ಚೆನ್ನಾಗಿ ಕಂಡರೂ.

1979ರ ಜೂನ್ 15ರಂದು ಆಲ್ಬಮ್ ಹೊರಬಂತು. ಕಪ್ಪು ರಟ್ಟಿನ ಮೇಲೆ ಬಿಳಿ ಗೆರೆಗಳು, ಒಂದರ ಕೆಳಗೊಂದು, ನಡುವೆ ಬೆಟ್ಟದ ಸಾಲಿನಂತೆ ಎದ್ದಿರುವ ಏರಿಳಿತ. ಮುಖಪುಟದಲ್ಲಿ ತಂಡದ ಹೆಸರೂ ಇಲ್ಲ, ಆಲ್ಬಮ್ಮಿನ ಹೆಸರೂ ಇಲ್ಲ. ಇವತ್ತು ಈ ಚಿತ್ರದ ಟೀ-ಶರ್ಟ್ ತೊಟ್ಟು ಓಡಾಡುವವರಲ್ಲಿ ಎಷ್ಟೋ ಮಂದಿ ಹಾಡು ಕೇಳಿರುವುದಿಲ್ಲ. ಅದು ಬೆಟ್ಟವೂ ಅಲ್ಲ, ಹೃದಯದ ಇಸಿಜಿಯೂ ಅಲ್ಲ. ತಂಡದವರು ಇದನ್ನು ಕಂಡದ್ದು ‘ಕೇಂಬ್ರಿಜ್ ಎನ್‌ಸೈಕ್ಲೋಪೀಡಿಯಾ ಆಫ್ ಆಸ್ಟ್ರಾನಮಿ’ ಎಂಬ ಪುಸ್ತಕದಲ್ಲಿ. ಅಲ್ಲಿ ಬಿಳಿಯ ಮೇಲೆ ಕಪ್ಪಾಗಿದ್ದದ್ದನ್ನು ವಿನ್ಯಾಸಕಾರ ಪೀಟರ್ ಸಾವಿಲ್ ಕಪ್ಪಿನ ಮೇಲೆ ಬಿಳಿಯಾಗಿಸಿದ.

ಗೆರೆಗಳು ಒಂದು ನಕ್ಷತ್ರದವು. 1967ರಲ್ಲಿ ಕೇಂಬ್ರಿಜ್‌ನಲ್ಲಿ ಸಂಶೋಧನಾ ವಿದ್ಯಾರ್ಥಿನಿಯಾಗಿದ್ದ ಜೋಸೆಲಿನ್ ಬೆಲ್ ರೇಡಿಯೋ ದೂರದರ್ಶಕದಿಂದ ದಿನಕ್ಕೆ ಮೂವತ್ತು ಮೀಟರಿನಂತೆ ಸುರುಳಿ ಬಿಚ್ಚಿಕೊಂಡು ಬರುತ್ತಿದ್ದ ಕಾಗದವನ್ನು ಕಣ್ಣಲ್ಲೇ ಜಾಲಾಡುತ್ತಿದ್ದರು. ಅದರಲ್ಲಿ ಅರ್ಧ ಸೆಂಟಿಮೀಟರಿನಷ್ಟು ಜಾಗದಲ್ಲಿ ಏನೋ ಗೀಚಿದಂತಿತ್ತು. ಬಿಡದೆ ಬೆನ್ನು ಹತ್ತಿದಾಗ ಅದು 1.337 ಸೆಕೆಂಡಿಗೊಮ್ಮೆ ತಪ್ಪದೆ ಮಿಡಿಯುವ ರೇಡಿಯೋ ಸದ್ದು ಎಂದು ತಿಳಿಯಿತು. ಮನುಕುಲಕ್ಕೆ ಸಿಕ್ಕ ಮೊದಲ ಪಲ್ಸಾರ್, ಸಿಪಿ 1919. ಸೂರ್ಯನಿಗಿಂತ ಹೆಚ್ಚು ದ್ರವ್ಯವನ್ನು ಇಪ್ಪತ್ತು ಕಿಲೋಮೀಟರಿನ ಉಂಡೆಯಾಗಿ ಹಿಂಡಿದ ಸತ್ತ ನಕ್ಷತ್ರ, ಗಿರಗಿರ ತಿರುಗುತ್ತ ದೀಪಸ್ತಂಭದಂತೆ ರೇಡಿಯೋ ಕಿರಣ ಬೀಸುತ್ತದೆ. 1974ರ ನೊಬೆಲ್ ಬೆಲ್ ಅವರ ಮಾರ್ಗದರ್ಶಕರಿಗೆ ಹೋಯಿತು, ಅವರಿಗಲ್ಲ.

ಈ ಪಲ್ಸಾರ್ ಎಷ್ಟು ದೂರ? ಅಳತೆಯ ಟೇಪು ಹಿಡಿದು ಹೋಗುವಂತಿಲ್ಲ. ಇಲ್ಲಿಯೂ ಕೈಹಿಡಿಯುವುದು ತಡವೇ. ನಕ್ಷತ್ರಗಳ ನಡುವಿನ ಜಾಗ ಪೂರಾ ಖಾಲಿಯಲ್ಲ. ಒಂದು ಲೋಟ ನೀರು ಹಿಡಿಸುವಷ್ಟು ಜಾಗದಲ್ಲಿ ಸರಾಸರಿ ಐದಾರು ಬಿಡಿ ಎಲೆಕ್ಟ್ರಾನುಗಳಿರುತ್ತವೆ. ಇಷ್ಟೇ ಇಷ್ಟು ಎಲೆಕ್ಟ್ರಾನುಗಳು ರೇಡಿಯೋ ಅಲೆಯ ಓಟಕ್ಕೆ ಅಡ್ಡಗಾಲು ಹಾಕುತ್ತವೆ. ಎತ್ತರದ ಆವರ್ತನಕ್ಕೆ ಕಡಿಮೆ ಅಡ್ಡಿ, ತಗ್ಗಿನದಕ್ಕೆ ಹೆಚ್ಚು. ಆವರ್ತನ ಅರ್ಧಕ್ಕಿಳಿದರೆ ತಡ ನಾಲ್ಕು ಪಟ್ಟು. ಪಲ್ಸಾರಿನಿಂದ ಒಂದೇ ಗಳಿಗೆಯಲ್ಲಿ ಹೊರಟ ಮಿಡಿತದ ಮೇಲುಸ್ವರ ಮೊದಲು ಬರುತ್ತದೆ, ಕೆಳಸ್ವರ ಹಿಂದೆ ಉಳಿದು ಬರುತ್ತದೆ. ಎಷ್ಟು ಹಿಂದೆ ಎಂದು ಅಳೆದರೆ ದಾರಿಯಲ್ಲಿ ಒಟ್ಟು ಎಷ್ಟು ಎಲೆಕ್ಟ್ರಾನು ಎದುರಾದವು ಎಂದು ತಿಳಿಯುತ್ತದೆ, ಅಲ್ಲಿಂದ ದೂರದ ಅಂದಾಜು. ಸಿಪಿ 1919ಕ್ಕೆ ಹೀಗೆ ಸಿಗುವ ಉತ್ತರ ಸಾವಿರ ಜ್ಯೋತಿರ್ವರ್ಷದ ಲೆಕ್ಕದ್ದು.

ತಡದ ಈ ಆಟ ಎಷ್ಟು ವಿಪರೀತಕ್ಕೆ ಹೋಗುತ್ತದೆ ಎನ್ನುವುದು ಗೊತ್ತಿರುವವರು ನಮ್ಮಲ್ಲೇ ಇದ್ದಾರೆ. ಗೌರಿಬಿದನೂರಿನ ಬಯಲಿನಲ್ಲಿ ಸಾವಿರ ಆಂಟೆನಾಗಳನ್ನು ‘ಟಿ’ ಆಕಾರದಲ್ಲಿ ಹರಡಿದ ರೇಡಿಯೋ ದೂರದರ್ಶಕ ಆಲಿಸುತ್ತಿದ್ದದ್ದು 34.5 ಮೆಗಾಹರ್ಟ್ಝ್‌ನಲ್ಲಿ, ತೀರ ಮಂದ್ರದಲ್ಲಿ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ವಿ. ರಾಧಾಕೃಷ್ಣನ್ ಮತ್ತು ಅವಿನಾಶ ದೇಶಪಾಂಡೆ ಇದರಿಂದ ಪಲ್ಸಾರ್‌ಗಳನ್ನು ಗಮನಿಸಿದರು. ಸಿಪಿ 1919ರ ಮಿಡಿತ ಅಷ್ಟು ತಗ್ಗಿನ ಆವರ್ತನದಲ್ಲಿ ಸುಮಾರು 43 ಸೆಕೆಂಡು ತಡವಾಗಿ ಬರಬೇಕು. ಅಷ್ಟರಲ್ಲಿ ಅದು ಇನ್ನೂ ಮೂವತ್ತೆರಡು ಸಲ ಮಿಡಿದಿರುತ್ತದೆ. ಆ ಆವರ್ತನದ ಸುತ್ತ ಬರೀ ಒಂದು ಮೆಗಾಹರ್ಟ್ಝ್ ಅಗಲದ ಕಿಟಕಿ ತೆರೆದು ಆಲಿಸಿದರೂ ಕಿಟಕಿಯ ಆಚೆ ಅಂಚಿಗೂ ಈಚೆ ಅಂಚಿಗೂ ನಡುವೆ ಎರಡೂವರೆ ಸೆಕೆಂಡಿನ ಅಂತರ. ನನ್ನ ಖಾಲಿ ಬಚ್ಚಲಿನ ಅನುರಣನದಷ್ಟೇ! 1.3 ಸೆಕೆಂಡಿಗೊಮ್ಮೆ ಬೀಳುವ ಪೆಟ್ಟನ್ನು ಎರಡೂವರೆ ಸೆಕೆಂಡಿನ ಬಾಲದಲ್ಲಿ ಕಲಸಿದರೆ ಪೆಟ್ಟು ಎಲ್ಲಿ ಕೇಳೀತು? ಹಾಗಾಗಿ ಪಲ್ಸಾರ್ ಹಿಂದೆ ಬಿದ್ದವರು ಕಿಟಕಿಯನ್ನು ನೂರಾರು ಸಣ್ಣ ಕಂಡಿಗಳಾಗಿ ಸೀಳಿ, ಒಂದೊಂದು ಕಂಡಿಯ ತಡವನ್ನೂ ಲೆಕ್ಕ ಹಾಕಿ ಕಳೆದು, ಎಲ್ಲವನ್ನೂ ಒಂದೇ ಗಳಿಗೆಗೆ ತಂದು ಕೂಡಿಸುತ್ತಾರೆ. ಹ್ಯಾನೆಟ್ ಒಣ ಪೆಟ್ಟಿಗೆ ತಡ ಸೇರಿಸಿ ಜಾಗ ಕಟ್ಟಿದ. ಇವರು ಜಾಗ ಸೇರಿಸಿದ ತಡವನ್ನು ಕಳೆದು ಒಣ ಪೆಟ್ಟನ್ನು ಹೊರಗೆಳೆಯುತ್ತಾರೆ.

ಮುಖಪುಟದ ಚಿತ್ರ ಮೂಲತಃ ಹೆರಾಲ್ಡ್ ಕ್ರಾಫ್ಟ್ ಎಂಬ ವಿದ್ಯಾರ್ಥಿಯದು. ಪೋರ್ಟೊರಿಕೊದ ಅರೆಸಿಬೊದಲ್ಲಿ 305 ಮೀಟರ್ ಅಗಲದ ಬೋಗುಣಿಯಂಥ ದೂರದರ್ಶಕವಿತ್ತು, 2020ರ ಡಿಸೆಂಬರಿನಲ್ಲಿ ಕುಸಿದುಬಿತ್ತಲ್ಲ, ಅದೇ. ಅಲ್ಲಿ ಹಿಡಿದ ಎಂಬತ್ತು ಸಾಲು ಮಿಡಿತಗಳನ್ನು ಒಂದರ ಕೆಳಗೊಂದು ಇಟ್ಟು, ಮುಂದಿನ ಗೆರೆಯ ಉಬ್ಬಿನ ಹಿಂದೆ ಹಿಂದಿನ ಗೆರೆ ಮರೆಯಾಗುವಂತೆ ಅವನೊಂದು ಕಂಪ್ಯೂಟರ್ ಪ್ರೋಗ್ರಾಮ್ ಬರೆದ. ಬೆಟ್ಟದ ಸಾಲಿನ ಭ್ರಮೆ ಬಂದದ್ದು ಹಾಗೆ. ಎಂಬತ್ತು ಮಿಡಿತ ಎಂದರೆ ಒಂದು ನಿಮಿಷ ನಲವತ್ತೇಳು ಸೆಕೆಂಡು. ಮಿಡಿತ ಒಂದೊಂದರ ಅಗಲ ಸೆಕೆಂಡಿನ ನೂರರಲ್ಲಿ ನಾಲ್ಕು ಪಾಲು, ನಲವತ್ತು ಮಿಲಿಸೆಕೆಂಡು. 1970ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಅವನು ಒಪ್ಪಿಸಿದ ಪ್ರಬಂಧದ ವಿಷಯ: ಹನ್ನೆರಡು ಪಲ್ಸಾರ್‌ಗಳ ಮಿಡಿತದ ಆಕಾರ, ಮತ್ತು ದಾರಿಯಲ್ಲಿ ಅವಕ್ಕಾಗುವ ತಡದ ಅಳತೆ.

ತನ್ನ ಪ್ರಬಂಧದ ಒಂದು ಪುಟ ಇಂಗ್ಲೆಂಡಿನ ರಾಕ್ ತಂಡವೊಂದರ ಮುಖಪುಟವಾಗಿರುವುದು ಕ್ರಾಫ್ಟ್‌ಗೆ ಗೊತ್ತೇ ಇರಲಿಲ್ಲ. ಎಷ್ಟೋ ಆಮೇಲೆ ಸಹೋದ್ಯೋಗಿಯೊಬ್ಬರು ಹೇಳಿದರು. ಆತ ರೆಕಾರ್ಡ್ ಅಂಗಡಿಗೆ ಹೋಗಿ ನೋಡಿದ. ಇತ್ತು. ಒಂದು ಪ್ರತಿ ಕೊಂಡುಕೊಂಡ, ಜೊತೆಗೆ ಒಂದು ಪೋಸ್ಟರು.